ಗೋಧಿ ಯಾರ ಮನೆಯ ನಾಯಿ

ಜನವರಿ ೧೨

ತಂಗಿಗೆ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು ಅಲ್ಲಿ ಚೆನ್ನಾಗಿದ್ದೀಯೆಂಬುದು ಗೋಧಿಯ ಮೈ ನೋಡಿದರೇ ಗೊತ್ತಾಗುತ್ತದೆ. ನಾಯಿ ಬಸುರಿಯಾಗಿ ದಪ್ಪಗಾಗುವುದು ಬೇರೆ, ಸೋಫಾದ ಮೇಲೆ ಮಲಗಿ ದಪ್ಪಗಾಗುವುದು ಬೇರೆ. ಇವಳು ಎರಡೂ ಆಗಿ ಬಂದಿದ್ದಾಳೆ.

ಫೋನು ಬೇಡ, ಪತ್ರ ಬರೆಯಿರಿ ಎಂದು ಪುಟ್ಟಿ ಹಟ ಹಿಡಿದಿದ್ದಾಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಅಮ್ಮ, ಫೋನಲ್ಲಿ ನೀವಿಬ್ಬರೂ ಒಟ್ಟಿಗೆ ಮಾತಾಡ್ತೀರ, ಒಟ್ಟಿಗೆ ಕಟ್ ಮಾಡ್ತೀರ. ಕಾಗದದಲ್ಲಾದ್ರೆ ಒಬ್ಬರಾದ ಮೇಲೆ ಒಬ್ಬರು ಜಗಳ ಆಡಬಹುದು" ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಈ ನಾಲಿಗೆ ಎಲ್ಲಿಂದ ಬಂತೋ. ನಿನ್ನ ಕನ್ನಡಕದ ಅಂಗಡಿಯಲ್ಲಿ ಕೂತು ಕಲಿತಿರಬೇಕು.

ನಮ್ಮಿಬ್ಬರ ಜಗಳ ಶುರುವಾದದ್ದೇ ಮೊದಲು ಆಡಿದ ಮಾತು ಏನಿತ್ತು ಎಂಬುದರ ಮೇಲೆ. ಆದ್ದರಿಂದ ಅದನ್ನು ಇಲ್ಲಿ ಬರೆದಿಡುತ್ತೇನೆ. ಗೋಧಿ ಹುಟ್ಟಿದ್ದು ನನ್ನ ಮನೆಯಲ್ಲಿ, ನನ್ನ ಲ್ಯಾಬ್ರಡಾರಿನ ಹೊಟ್ಟೆಯಲ್ಲಿ. ಗೋಧಿಗೂ ಡಾಕ್ಟರು ತೋರಿಸಿಕೊಟ್ಟ ಪೂಡಲ್ ಗಂಡಿಗೂ ಹುಟ್ಟುವ ಮಿಶ್ರತಳಿಯ ಮರಿಗಳಿಗೆ ಮಕ್ಕಳಿರುವ ಮನೆಯವರು ಹೆಸರು ಬರೆಸಿ ಕಾಯುತ್ತಾರೆ. ಪುಟ್ಟಿ ಹಲ್ಲಿನ ಸೆಟ್ ಮಾಡುವ ಕೋರ್ಸಿಗೆಂದು ನಿನ್ನ ಊರಿಗೆ ಬಂದಾಗ ನನ್ನಲ್ಲಿ ಆಗಲೇ ಎರಡು ಮುದಿ ನಾಯಿಗಳಿದ್ದವು. ಮನೆಯಲ್ಲಿ ಎರಡಕ್ಕಿಂತ ಹೆಚ್ಚು ದೊಡ್ಡ ನಾಯಿಗಳಿದ್ದರೆ ಅದು ಮನೆಯಲ್ಲ, ದೊಡ್ಡಿ. ಹಾಗಾಗಿ ಪುಟ್ಟಿಯ ಜೊತೆಗೇ ಗೋಧಿಯನ್ನೂ ನಿನ್ನಲ್ಲಿ ಬಿಟ್ಟೆ. ಮರಿ ಹಾಕುವಾಗ ಮಾತ್ರ ಇಲ್ಲಿಗೆ ಬರಬೇಕು. ಹೆಚ್ಚೆಂದರೆ ಮೂರು ಸಲ, ನಡುವೆ ಸಾಕಷ್ಟು ವಿಶ್ರಾಂತಿ. ಡಾಕ್ಟರು ಬೇಡವೆಂದ ದಿನ ಅಲ್ಲಿಗೆ ನಿಲ್ಲಿಸಿ, ಆಪರೇಷನ್ ಮಾಡಿಸಿ, ಅವಳನ್ನು ನಿನ್ನ ಹೆಸರಿಗೇ ಬರೆದುಕೊಡುವುದು. ಇದಿಷ್ಟು ಮಾತು. ಆಡಿದವಳೂ ನಾನೇ.

ಈಗ ಆ ಎರಡು ಮುದಿ ನಾಯಿಗಳೂ ಇಲ್ಲ. ಅದನ್ನು ಸುಮ್ಮನೆ ಬರೆದೆ.

ಗೋಧಿ ಬಂದಾಗಿನಿಂದ ಬಟ್ಟಲು ಮುಂದಿಟ್ಟರೂ ತಿನ್ನದೆ ನನ್ನ ಮುಖ ನೋಡುತ್ತಾಳೆ. "ಚಿಕ್ಕಮ್ಮ ಪಕ್ಕದಲ್ಲಿ ಕೂತ್ಕೋತಾಳೆ ಅಮ್ಮ, ಆಗಲೇ ಇವಳು ತಿನ್ನೋದು" ಎಂದಳು ಪುಟ್ಟಿ. ಮೊದಲ ದಿನ ನಾನು ಕೂರಲಿಲ್ಲ. ಎರಡನೇ ದಿನ ಕೂತೆ.

ಪುಟ್ಟಿಯೂ ಎರಡೇ ದಿನ ಇದ್ದು ಹೊರಟಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ನಿನ್ನ ಹಾಗೆಯೇ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಾಳೆ. ನಾನು ಕೊಟ್ಟ ಚಹಾ ಕುಡಿದು "ಸಕ್ಕರೆ ಜಾಸ್ತಿ" ಎಂದಳು. ಇಷ್ಟು ವರ್ಷ ಅದೇ ಸಕ್ಕರೆ ಹಾಕಿದ್ದೇನೆ.

ಸ್ಕ್ಯಾನಿನಲ್ಲಿ ಆರು ಮರಿ ಕಾಣಿಸಿವೆ. ತಾಯಿ ಆರೋಗ್ಯವಾಗಿದ್ದಾಳೆ.

ಇಂತಿ,
ಅಕ್ಕ


ಜನವರಿ ೨೦

ಅಕ್ಕಾ,

ಮಾತು ಏನಿತ್ತು ಎಂಬುದು ನನಗೂ ನೆನಪಿದೆ. ನೀನು ಬರೆದ ಮೇಲೆ ಅದಕ್ಕೊಂದು ಸರಕಾರಿ ಕಳೆ ಬಂತು, ಅಷ್ಟೇ.

ಗೋಧಿ ದಪ್ಪಗಾಗಿದ್ದರೆ ಅದಕ್ಕೆ ನನ್ನ ಗಿರಾಕಿಗಳೂ ಕಾರಣ. ಬೆಳಿಗ್ಗೆ ನನ್ನ ಜೊತೆ ಅಂಗಡಿಗೆ ಬಂದು ಕೌಂಟರಿನ ಕೆಳಗೆ ಮಲಗುತ್ತಿದ್ದಳಲ್ಲ, ಹೊಸ ಫ್ರೇಮು ಹಾಕಿಕೊಂಡವರು ಕನ್ನಡಿ ನೋಡುವ ಮೊದಲು ಅವಳ ಮುಖ ನೋಡುತ್ತಿದ್ದರು. ಬಾಲ ಅಲ್ಲಾಡಿಸಿದರೆ ಫ್ರೇಮು ಚೆನ್ನಾಗಿದೆ ಎಂದರ್ಥ. ಅವಳು ಎಲ್ಲ ಫ್ರೇಮಿಗೂ ಅಲ್ಲಾಡಿಸುತ್ತಾಳೆ, ವ್ಯಾಪಾರಕ್ಕೆ ಒಳ್ಳೆಯದು. ಈಗ ಎಲ್ಲರೂ ಕೌಂಟರಿನ ಕೆಳಗೆ ಬಗ್ಗಿ ನೋಡಿ "ಎಲ್ಲಿ?" ಎನ್ನುತ್ತಾರೆ. "ತವರಿಗೆ ಹೋಗಿದ್ದಾಳೆ" ಎನ್ನುತ್ತೇನೆ. ತವರೆಂದ ಮೇಲೆ ಹೆತ್ತು ವಾಪಸ್ಸು ಬರುವುದೇ ಅಲ್ಲವೇ.

ಈ ಪತ್ರದ ಜೊತೆ ನನ್ನ ಹಳೆಯ ಕಂದು ಸ್ವೆಟರು ಕಳಿಸಿದ್ದೇನೆ. ಒಗೆದಿಲ್ಲ, ಒಗೆಯಬೇಡ. ಅದು ಮೂಗಿನ ಹತ್ತಿರ ಇಲ್ಲದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಹೋದ ಸಲ ಮರಿ ಹಾಕುವಾಗ ಇದೆಲ್ಲ ಬೇಕಾಗಿರಲಿಲ್ಲ ಎನ್ನುತ್ತೀಯ, ಗೊತ್ತು. ಹೋದ ಸಲ ಅವಳು ನನ್ನಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು.

ಇನ್ನೊಂದು ಕೇಳಲೇ? ಈ ಎರಡನೆಯದಾದ ಮೇಲೆ ಮೂರನೆಯದು ಬೇಕೇಬೇಕೇ? ಈಚೆಗೆ ಮೆಟ್ಟಿಲು ಹತ್ತಿ ಬಂದರೆ ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾಳೆ. ನಿನ್ನ ಕೆಲಸ ನಿನಗೆ ಗೊತ್ತು. ಕೇಳಿದೆ, ಅಷ್ಟೇ.

ಪುಟ್ಟಿಯ ಕೂದಲು ನಾನು ಕತ್ತರಿಸಿದ್ದಲ್ಲ.

ನಿನ್ನ ತಂಗಿ


ಫೆಬ್ರವರಿ ೩

ತಂಗಿಗೆ,

ನೀನು "ತವರು" ಎಂದು ಬರೆದದ್ದನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ನಕ್ಕರು. ನನಗೆ ನಗು ಬರಲಿಲ್ಲ.

ಮರಿಗಳಾದವು. ಸ್ಕ್ಯಾನಿನವರು ಆರು ಎಂದಿದ್ದರು, ಆದದ್ದು ಏಳು. ಏಳೂ ಬದುಕಿವೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನನಗೆ ಇಷ್ಟವಿಲ್ಲದ ಭಾಗವನ್ನೂ ಸೇರಿಸಿ.

ನಿನ್ನ ಸ್ವೆಟರನ್ನು ನಾನು ಅವಳಿಗೆ ಕೊಟ್ಟಿರಲಿಲ್ಲ. ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೆ. ಉಣ್ಣೆಯ ಎಳೆ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳಲ್ಲ.

ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು. ಹೆರಿಗೆಗೆಂದು ಭಾವ ಬಡಗಿ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹೊಸ ಪೆಟ್ಟಿಗೆ ಮಾಡಿದ್ದರು. ತಾಯಿ ಹೊರಳಿದರೂ ಮರಿ ಅಡಿಗೆ ಸಿಕ್ಕದ ಹಾಗೆ ಒಳಗೆ ಸುತ್ತ ದಂಡೆ ಕೂರಿಸಿದ್ದರು. ಹಳೆಯ ಚಾದರ, ಬಿಸಿನೀರಿನ ಬಾಟಲಿ, ತೂಕದ ತಕ್ಕಡಿ ಎಲ್ಲ ಸಿದ್ಧವಿತ್ತು. ಗೋಧಿ ಒಳಗೆ ಕಾಲೇ ಇಡಲಿಲ್ಲ. ಕೆರೆದಳು, ಸುತ್ತಿದಳು, ಅಡುಗೆಮನೆಗೆ ಹೋದಳು, ಬಚ್ಚಲಿಗೆ ಹೋದಳು. ನಾನು ಕತ್ತು ನೀವಿದೆ, ಹೆಸರು ಹಿಡಿದು ಕರೆದೆ. ಕಣ್ಣು ಬಿಡುವ ಮೊದಲಿನಿಂದ ಇವಳಿಗೆ ನನ್ನ ಕೈ ಗೊತ್ತು. ಆ ಕೈಯನ್ನು ತಳ್ಳಿಕೊಂಡು ಹೋಗಿ ಕಪಾಟಿನ ಮುಂದೆ ಕೂತಳು.

ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಅದರಲ್ಲಿ ಏನಿದೆ?" ಎಂದರು.

"ಬಟ್ಟೆ."

"ಯಾರ ಬಟ್ಟೆ?"

ಅವರೇ ಬಾಗಿಲು ತೆಗೆದು ಸ್ವೆಟರು ಇಳಿಸಿ ಪೆಟ್ಟಿಗೆಯ ಮೂಲೆಯಲ್ಲಿ ಹಾಕಿದರು. ಗೋಧಿ ಹೋಗಿ ಅದರ ಮೇಲೆ ಗದ್ದವಿಟ್ಟು ಮಲಗಿದಳು. ಮೊದಲ ಮರಿ ಬರಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಪೊರೆ ಒರೆಸಿದ್ದು ನಾನು. ಕೊನೆಯದಾಗಿ ಬಂದ ಏಳನೆಯದು ಉಸಿರಾಡದೆ ಬಿದ್ದಿದ್ದಾಗ ಟವೆಲಿನಲ್ಲಿ ಉಜ್ಜಿ ಉಜ್ಜಿ ಕಿರುಚಿಸಿದ್ದು ನಾನು. ಅದಕ್ಕೆ ಮೊಲೆ ಸಿಗುವ ಹಾಗೆ ದಪ್ಪ ಮರಿಗಳನ್ನು ಪಕ್ಕಕ್ಕೆ ಸರಿಸುತ್ತ ಕೂತವಳೂ ನಾನು. ನೀನು ನಿನ್ನ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದೆ. ಆದರೂ ಇಲ್ಲಿ ಇದ್ದವಳು ನೀನೇ.

ಮರಿಗಳು ಕೆನೆ ಬಣ್ಣ, ಎರಡು ಮಾತ್ರ ಕಪ್ಪು. ಸ್ವೆಟರನ್ನು ಹೆರಿಗೆಯಾದ ಮೇಲೆ ತೆಗೆದೆ. ಒಗೆಯಲೇಬೇಕಾಯಿತು.

ಅಕ್ಕ


ಫೆಬ್ರವರಿ ೨೪

ಅಮ್ಮಾ,

ಮರಿಗಳ ಫೋಟೋ ಬಂತು. ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿದೆ. ಇಬ್ಬರು ಮರಿ ಬೇಕು ಎಂದರು. "ನಮ್ಮಮ್ಮ ಮೊದಲು ನಿಮ್ಮ ಮನೆಗೆ ಬಂದು ನಿಮ್ಮನ್ನು ನೋಡಬೇಕು, ಆಮೇಲೆ ನೀವು ಮರಿ ನೋಡೋದು" ಎಂದೆ.

ಇಲ್ಲಿ ನಾನು ಮೇಣದಲ್ಲಿ ಒಂದು ಪೂರ್ತಿ ಮೇಲಿನ ದವಡೆ ಕೂರಿಸಿದ್ದೇನೆ. ನಮ್ಮ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು "ಇದು ನಗುತ್ತೆ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಬರುವುದಿಲ್ಲವಂತೆ.

ಚಿಕ್ಕಮ್ಮ ಮಂಕಾಗಿದ್ದಾಳೆ. ಅಂಗಡಿಯಿಂದ ಬಂದು ಚಪ್ಪಲಿ ಬಿಡುವಾಗ ಈಗಲೂ "ಬಂದೆ, ಬಂದೆ" ಎನ್ನುತ್ತಾಳೆ, ಆಮೇಲೆ ನನ್ನನ್ನು ನೋಡಿ ನಿನಗೇ ಹೇಳಿದ್ದು ಎಂಬಂತೆ ನಗುತ್ತಾಳೆ. ಗೋಧಿ ಇಲ್ಲಿದ್ದಾಗ ಏನು ಮಾಡುತ್ತಿದ್ದಳು ಗೊತ್ತಾ? ನಿನ್ನಿಂದ ಏನೇ ಪಾರ್ಸಲು ಬಂದರೂ ಮೊದಲು ಅದರ ಮೇಲೆ ಹೋಗಿ ಮಲಗುತ್ತಿದ್ದಳು. ನೀನು ಕಳಿಸಿದ ನನ್ನ ಒಳ್ಳೆಯ ಡ್ರೆಸ್ಸಿನ ಪೊಟ್ಟಣದ ಮೇಲೆ ಒಂದಿಡೀ ದಿನ ಮಲಗಿದ್ದಳು. ಎಬ್ಬಿಸಲು ಚಿಕ್ಕಮ್ಮ ಬಿಡಲಿಲ್ಲ, ಆದರೆ ಆ ದಿನವೆಲ್ಲ ಅವಳ ಮುಖ ನೋಡಬೇಕಿತ್ತು. ಇದನ್ನು ಅವಳು ನಿನಗೆ ಬರೆದಿರುವುದಿಲ್ಲ.

ಇನ್ನೊಂದು ವಿಷಯ. ಬಯ್ಯಬೇಡ. ಕೋರ್ಸು ಮುಗಿದ ಮೇಲೆ ಇಲ್ಲಿಯ ಲ್ಯಾಬಿನಲ್ಲೇ ಕೆಲಸ ಕೊಡುತ್ತೇವೆ ಎನ್ನುತ್ತಿದ್ದಾರೆ. ಚಿಕ್ಕಮ್ಮನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಹೂಂ ಅಂದಿಲ್ಲ. ಉಹೂಂ ಅಂತಲೂ ಅಂದಿಲ್ಲ. "ಮೊದಲು ನಿಮ್ಮಮ್ಮನ್ನ ಕೇಳು" ಎಂದು ಚಿಕ್ಕಮ್ಮ ದಿನಾ ಹೇಳುತ್ತಾಳೆ. ಅದಕ್ಕೇ ಕೇಳುತ್ತಿದ್ದೇನೆ.

ಅಪ್ಪನಿಗೆ ಹೇಳು.

ನಿನ್ನ ಪುಟ್ಟಿ


ಮಾರ್ಚ್ ೨೯

ತಂಗಿಗೆ,

ಮರಿಗಳಿಗೆ ಎಂಟು ವಾರ ತುಂಬಿತು. ಇಂದಿನಿಂದ ಒಂದೊಂದಾಗಿ ಹೊರಡುತ್ತಿವೆ.

ಈ ಸಲ ಮರಿಗಳು ಚೆನ್ನಾಗಿ ಬೆಳೆದವು. ದಿನವೂ ಪ್ರತಿಯೊಂದನ್ನೂ ಎತ್ತಿಕೊಂಡು ಕಿವಿ, ಪಂಜ, ಬಾಯಿ ಮುಟ್ಟಿ ಅಭ್ಯಾಸ ಮಾಡಿಸಿದೆ. ಮಿಕ್ಸಿಯ ಸದ್ದು, ಭಾವನ ಗರಗಸದ ಸದ್ದು, ಬಿದ್ದ ಪಾತ್ರೆಯ ಸದ್ದು ಎಲ್ಲವೂ ಅವಕ್ಕೆ ಗೊತ್ತು. ಒದ್ದೆ ನೆಲ, ಚಾಪೆ, ಹುಲ್ಲು, ಜಲ್ಲಿ ಎಲ್ಲದರ ಮೇಲೂ ನಡೆಸಿದೆ. ಪಕ್ಕದ ಮನೆಯ ಮಕ್ಕಳು ಬಂದು ಕೂತು ಓದುತ್ತಿದ್ದರು, ಮರಿಗಳು ಅವರ ಪುಸ್ತಕದ ಮೇಲೆ ಮಲಗುತ್ತಿದ್ದವು. ಹುಳದ ಔಷಧಿ, ಚುಚ್ಚುಮದ್ದು, ಹೃದಯ, ಕಣ್ಣು ಎಲ್ಲ ನೋಡಿಸಿಯಾಗಿದೆ. ಒಂದು ಮನೆಯವರನ್ನು ವಾಪಸ್ಸು ಕಳಿಸಿದೆ. ಗಂಡಹೆಂಡತಿ ಇಬ್ಬರೂ ದಿನವಿಡೀ ಹೊರಗೆ. "ಬಾಲ್ಕನಿ ದೊಡ್ಡದಿದೆ" ಎಂದರು. ಬಾಲ್ಕನಿ ಯಾರನ್ನೂ ಸಾಕುವುದಿಲ್ಲ ಎಂದೆ. ಮುಖ ದಪ್ಪ ಮಾಡಿಕೊಂಡು ಹೋದರು. ಅವರಿಗಿಟ್ಟಿದ್ದ ಮರಿ ನಮ್ಮ ಹಿಂದಿನ ಬೀದಿಯ ಒಬ್ಬ ಅಜ್ಜಿಯ ಮನೆಗೆ ಹೋಗುತ್ತದೆ.

ಗೋಧಿ ಈ ಸಲ ನಿನ್ನಲ್ಲಿಗೆ ಬರುವುದಿಲ್ಲ. ಮುಂದಿನ ವರ್ಷ ಮೂರನೇ ಸಲ ಮರಿ ಹಾಕಿಸುವವಳಿದ್ದೇನೆ. ಅಲ್ಲಿಯವರೆಗೆ ಅವಳ ಊಟ, ತೂಕ, ಓಡಾಟ ನನ್ನ ಕಣ್ಣೆದುರಿಗೇ ಇರಲಿ. ಸೋಫಾ ಅಭ್ಯಾಸವನ್ನೂ ಬಿಡಿಸಬೇಕು. ಎಷ್ಟೆಂದರೂ ಅವಳು ನನ್ನ ನಾಯಿ.

ಪುಟ್ಟಿ ಕೆಲಸದ ವಿಷಯ ಬರೆದಿದ್ದಳು. ಅದನ್ನು ನನಗೂ ಅವಳಿಗೂ ಬಿಡು.

ಅಕ್ಕ


ಏಪ್ರಿಲ್ ೪

ಅಕ್ಕಾ,

ಸರಿ. ನಿನ್ನ ನಾಯಿ.

ಅವಳ ಸಾಮಾನುಗಳನ್ನು ಕಳಿಸಬೇಕೇ? ಗೋಧಿಯ ಸಾಮಾನು ಕೇಳುತ್ತಿದ್ದೇನೆ.

ತಂಗಿ


ಮೇ ೨೬

ತಂಗಿಗೆ,

ನಿನ್ನ ಎರಡು ಸಾಲಿನ ಪತ್ರಕ್ಕೆ ಉತ್ತರ ಕೊಡಬಾರದು ಎಂದುಕೊಂಡಿದ್ದೆ. ಈಗ ಬರೆಯಲೇಬೇಕಾಗಿದೆ.

ಗೋಧಿಯ ಮೊದಲ ಸಲದ ಮರಿಗಳಲ್ಲಿ ಒಂದನ್ನು ಬೇಕರಿಯವರಿಗೆ ಕೊಟ್ಟಿದ್ದೆನಲ್ಲ, ಬನ್ನು ಎಂದು ಹೆಸರಿಟ್ಟಿದ್ದರು. ಈಗ ಅವನು ಒಂದೂವರೆ ವರ್ಷದ ನಾಯಿ. ಏಪ್ರಿಲ್ ಕೊನೆಯಲ್ಲಿ ಬೇಕರಿಯವರು ಫೋನು ಮಾಡಿದರು: "ಅಮ್ಮಾ, ಇವನು ಏಳುವಾಗ ಹಿಂದಿನ ಕಾಲು ಎಳೀತಾನೆ. ಮೊಲದ ಥರ ಎರಡೂ ಕಾಲು ಒಟ್ಟಿಗೆ ಹಾಕಿ ಓಡ್ತಾನೆ." ನಾನೇ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದರು. ತೊಡೆಮೂಳೆಯ ಗುಂಡು ಸೊಂಟದ ಗೂಡಿನಲ್ಲಿ ಕೂತೇ ಇಲ್ಲ. ಎರಡೂ ಕಡೆ.

ಮರಿ ಹಾಕಿಸುವ ಮೊದಲು ಗೋಧಿಗೂ ಆ ಗಂಡಿಗೂ ಎಕ್ಸ್‌ರೇ ಆಗಿತ್ತು. ಎರಡೂ ಚೆನ್ನಾಗಿದ್ದವು. ಅದನ್ನೇ ಹೇಳಿದೆ.

"ಚೆನ್ನಾಗೇ ಇತ್ತು, ನಾನೇ ನೋಡಿದ್ದೀನಿ" ಎಂದರು ಡಾಕ್ಟರು. "ಅಪ್ಪ ಅಮ್ಮನಿಗೆ ಕಾಣಿಸದೆ ಮಕ್ಕಳಿಗೆ ಬರೋದುಂಟು. ಒಂದೇ ಮರಿ ಆದ್ರೆ ಆಕಸ್ಮಿಕ ಅನ್ನಬಹುದು. ಉಳಿದವನ್ನೂ ನೋಡೋಣ."

ಆ ಸಲದ ಎಲ್ಲ ಮನೆಯವರಿಗೂ ಹೇಳಿ ಎಕ್ಸ್‌ರೇ ತೆಗೆಸಿದೆ. ಇನ್ನೊಂದಕ್ಕೂ ಇದೆ. ಅದಿನ್ನೂ ಕುಂಟುತ್ತಿಲ್ಲ, ಮುಂದೆ ಕುಂಟುತ್ತದೆ.

"ಯಾರ ಕಡೆಯಿಂದ ಬಂತು ಅಂತ ಹೇಳೋಕಾಗಲ್ಲ" ಎಂದರು ಡಾಕ್ಟರು. "ಗಂಡು ಬದಲಾಯಿಸಿ ಇನ್ನೊಂದ್ಸಲ ನೋಡೋರೂ ಇದ್ದಾರೆ. ನಾನು ಬೇಡ ಅಂತೀನಿ."

ಅವರು ಬೇಡವೆಂದ ಮೇಲೂ ನಾನು ಒಂದು ವಾರ ಕಾದೆ. ಹೊಸ ಗಂಡಿಗಾಗಿ ಎರಡು ಕಡೆ ವಿಚಾರಿಸಿದೆ. ಮರಿಗಳ ಆಸೆಗಲ್ಲ. ಅವಳು ಮರಿ ಹಾಕುವವಳಾಗಿರುವ ತನಕ ನನ್ನವಳು, ಅದಕ್ಕೆ. ನಾನೇ ಆಡಿದ ಮಾತು. ಅದಕ್ಕೆ ನಾನೇ ಸಿಕ್ಕಿಬಿದ್ದೆ.

ಒಂದು ದಿನ ಭಾವ ಮರಕ್ಕೆ ಹತ್ತರಿ ಹೊಡೆಯುತ್ತಿದ್ದವರು ತಲೆಯೆತ್ತದೆ ಕೇಳಿದರು: "ಗಂಡು ಬದಲಾಯಿಸಿದ್ರೆ ಸರಿಹೋಗುತ್ತಾ?"

"ಹೋಗಬಹುದು. ಹೋಗದೇನೂ ಇರಬಹುದು."

"ಹೋಗದಿದ್ರೆ?"

"ಆ ಮರಿ ಕುಂಟೋದು ಇನ್ನೊಬ್ಬರ ಮನೇಲಿ."

ಅವರು ಮತ್ತೆ ಹತ್ತರಿ ಹೊಡೆಯತೊಡಗಿದರು. ಬಯ್ದಿದ್ದರೆ ವಾದ ಮಾಡುತ್ತಿದ್ದೆ. ಆ ಮನುಷ್ಯ ಬಯ್ಯುವುದೇ ಇಲ್ಲ, ಅದೇ ತೊಂದರೆ.

ಈ ಸಲದ ಏಳು ಮನೆಗಳಿಗೂ ನಾನೇ ಫೋನು ಮಾಡಿ ವಿಷಯ ಹೇಳಿದೆ. ಮರಿ ತೂಕ ಏರದ ಹಾಗೆ ನೋಡಿಕೊಳ್ಳಿ, ಜಾರುವ ನೆಲದ ಮೇಲೆ ಚಾಪೆ ಹಾಸಿ, ವರ್ಷ ತುಂಬಿದ ಮೇಲೆ ಎಕ್ಸ್‌ರೇ ತೆಗೆಸೋಣ, ಬೇಡವಾದರೆ ಯಾವ ದಿನವಾದರೂ ಮರಿಯನ್ನು ನನ್ನಲ್ಲಿಗೆ ತನ್ನಿ. ಒಬ್ಬರು ಬಾಯಿಗೆ ಬಂದ ಹಾಗೆ ಅಂದರು. ಒಬ್ಬಾಕೆ ಅತ್ತಳು. ಹಿಂದಿನ ಬೀದಿಯ ಅಜ್ಜಿ ಮಾತ್ರ, "ನನ್ನ ಮೊಣಕಾಲೂ ಹಾಗೇ ಇದೆ ಕಣಮ್ಮ, ಇಬ್ಬರೂ ನಿಧಾನಕ್ಕೆ ಓಡಾಡ್ತೀವಿ ಬಿಡು" ಎಂದರು. ಯಾರೂ ಮರಿ ವಾಪಸ್ಸು ತರಲಿಲ್ಲ.

ಬೇಕರಿಯವರು ತಂದರು. ಅವರ ಮನೆ ಬೇಕರಿಯ ಮೇಲಿದೆ, ಕಡಿದಾದ ಮೆಟ್ಟಿಲು. ಬನ್ನುವನ್ನು ಎತ್ತಿಕೊಂಡು ಹತ್ತಿ ಇಳಿದು ಅವರ ಬೆನ್ನು ಹಿಡಿದುಕೊಂಡಿದೆ. ಬಿಟ್ಟುಹೋಗುವಾಗ ಒಂದು ಚೀಲ ರಸ್ಕು ಕೊಟ್ಟು, ಮುಖ ತಿರುಗಿಸಿಕೊಂಡು ಹೋದರು. ಈಗ ಅವನು ನನ್ನಲ್ಲಿದ್ದಾನೆ.

ಮೂರನೆಯ ಸಲ ಇಲ್ಲ. ನಿನಗೆ ತಿಳಿಸಬೇಕಾಗಿದ್ದು ಇದು. ಇದರ ಮುಂದಿನ ಮಾತು ನಿನಗೂ ಗೊತ್ತಿದೆ. ಇವತ್ತು ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ.

ಅಕ್ಕ


ಜೂನ್ ೪

ಅಕ್ಕಾ,

ನಿನ್ನ ಪತ್ರವನ್ನು ಅಂಗಡಿಯಲ್ಲೇ ಓದಿದೆ. ಗಿರಾಕಿಯೊಬ್ಬರ ಮೂಗಿನ ಅಳತೆ ಎರಡು ಸಲ ತಪ್ಪು ತೆಗೆದೆ.

ಏಳು ಮನೆಗೂ ನೀನೇ ಫೋನು ಮಾಡಿದ್ದನ್ನು ಪುಟ್ಟಿಗೆ ಓದಿ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು "ನಮ್ಮಮ್ಮ ಹಾಗೇನೇ" ಎಂದಳು. ಅವಳು ಆ ಎರಡು ಪದ ಹೇಳಿದ ದನಿಯಲ್ಲಿ ನನ್ನ ಬಗ್ಗೆ ಯಾವತ್ತೂ ಏನೂ ಹೇಳಿಲ್ಲ. ಹೇಳುವುದೂ ಇಲ್ಲ.

ನಿನಗಷ್ಟೇ ಅಲ್ಲ ಹೊಟ್ಟೆಕಿಚ್ಚು ಇರುವುದು. ಗೋಧಿಯನ್ನು ಭಾವ ತಂದು ಬಿಟ್ಟುಹೋದಾಗಲೆಲ್ಲ ಅವಳು ಮೊದಲ ಎರಡು ದಿನ ಮೆಟ್ಟಿಲ ತುದಿಯಲ್ಲೇ ಮಲಗುತ್ತಿದ್ದಳು. ಮೊಟ್ಟೆ ಬೇಯಿಸಿ ಕೊಟ್ಟು ಒಲಿಸಿಕೊಳ್ಳುತ್ತಿದ್ದೆ. ಸೋಫಾ ಹತ್ತಲು ಬಿಟ್ಟದ್ದೂ ಅದಕ್ಕೇ. ನೀನು ಬಿಡುವುದಿಲ್ಲವೆಂದು ಗೊತ್ತಿತ್ತು. ನಾಯಿಯನ್ನು ಸೋಫಾ ಕೊಟ್ಟು ಒಲಿಸಿಕೊಳ್ಳಬಹುದು. ಪುಟ್ಟಿಗೆ ಏನು ಕೊಡಲಿ? ಹೋದ ತಿಂಗಳು ಅವಳಿಗೆ ಜ್ವರ ಬಂದಿತ್ತು, ನಿನಗೆ ತಿಳಿಸಬೇಡ ಎಂದಳು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ "ಅಮ್ಮ, ಸಾಕು" ಎಂದಳು. ನಾನು ತಿದ್ದಲಿಲ್ಲ.

ಮದುವೆ ಮಕ್ಕಳು ಬೇಡವೆಂದು ನಾನೇ ಅಂದುಕೊಂಡು ಬದುಕಿದವಳು, ಅದಕ್ಕೆ ಪಶ್ಚಾತ್ತಾಪವಿಲ್ಲ. ಆದರೂ ಸಂಜೆ ಬಾಗಿಲು ತೆಗೆದಾಗ ಒಬ್ಬರು ಓಡಿ ಬರುವುದು ಅಭ್ಯಾಸವಾಗಿಬಿಟ್ಟಿತ್ತು.

ಗೋಧಿ ನಿನ್ನಲ್ಲೇ ಇರಲಿ. ಮಾತು ಹೀಗಿತ್ತು, ಹಾಗಿತ್ತು ಎಂದು ನಾನು ಕೇಳುವುದಿಲ್ಲ. ಅವಳ ಬಟ್ಟಲು, ಬೆಲ್ಟು, ಕಂಬಳಿ ಎಲ್ಲವನ್ನೂ ಒಂದು ಡಬ್ಬದಲ್ಲಿ ಕಟ್ಟಿಟ್ಟಿದ್ದೇನೆ. ಯಾವಾಗ ಹೇಳಿದರೂ ಕಳಿಸುತ್ತೇನೆ.

ನಿನ್ನ ತಂಗಿ


ಜುಲೈ ೯

ತಂಗಿಗೆ,

ಡಬ್ಬ ಕಳಿಸಬೇಡ. ಬಿಚ್ಚು.

ಈ ಪತ್ರವನ್ನು ಭಾವನ ಕೈಯಲ್ಲಿ ಕೊಟ್ಟಿದ್ದೇನೆ. ಓದುವ ಹೊತ್ತಿಗೆ ಅವರೂ ಗೋಧಿಯೂ ನಿನ್ನ ಮನೆಯಲ್ಲಿರುತ್ತಾರೆ. ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ್ದಾರೆ. ಗಾಯ ಒಣಗಿದೆ, ಆದರೂ ಇನ್ನು ಕೆಲವು ದಿನ ಹೊಟ್ಟೆ ನೆಕ್ಕದ ಹಾಗೆ ನೋಡಿಕೊ. ಅಲ್ಲಿಯವರೆಗೆ ಸ್ನಾನ ಬೇಡ. ಆಪರೇಷನ್ ಆದ ನಾಯಿ ಬೇಗ ಕೊಬ್ಬುತ್ತದೆ, ಗಿರಾಕಿಗಳ ಬಿಸ್ಕತ್ತು ನಿಲ್ಲಿಸು. ಮೆಟ್ಟಿಲು ಹತ್ತಿ ನಿಲ್ಲುತ್ತಾಳೆ ಎಂದಿದ್ದೆಯಲ್ಲ, ಡಾಕ್ಟರಿಗೆ ತೋರಿಸಿದೆ. ಹೃದಯಕ್ಕೂ ಕೀಲಿಗೂ ಏನೂ ಆಗಿಲ್ಲ. ಬಸುರಿನ ಭಾರ, ಅಷ್ಟೇ. ಆದರೂ ಅದನ್ನು ಗಮನಿಸಿದವಳು ನೀನು.

ನೀನು "ಕೇಳುವುದಿಲ್ಲ" ಎಂದು ಬರೆದದ್ದು ಓದಿ ನನಗೆ ಇನ್ನಷ್ಟು ಸಿಟ್ಟು ಬಂತು. ಕೇಳಿದ್ದರೆ ಇಲ್ಲವೆನ್ನುತ್ತಿದ್ದೆ. ಕೇಳದವಳಿಗೆ ಇಲ್ಲವೆನ್ನುವುದು ಹೇಗೆ? ಚಿಕ್ಕವಳಿದ್ದಾಗಲೂ ನೀನು ಹೀಗೆಯೇ. ತಿಂಡಿಯ ತಟ್ಟೆ ನೋಡದೆ ಗೋಡೆ ನೋಡುತ್ತ ಕೂರುತ್ತಿದ್ದೆ, ದೊಡ್ಡ ಪಾಲು ನಿನಗೇ ಬರುತ್ತಿತ್ತು.

ಹೋದ ವಾರ ಹೊಸದಾಗಿ ಒಬ್ಬರು ಮರಿ ಕೇಳಿಕೊಂಡು ಬಂದಿದ್ದರು. ಸದ್ಯಕ್ಕೆ ನನ್ನಲ್ಲಿ ಮರಿಗಳಿಲ್ಲ, ಆಗುವುದೂ ಇಲ್ಲ ಎಂದೆ. ಹೋಗುವ ಮೊದಲು ಅವರ ಮಗಳು ಕೇಳಿದಳು: "ನಾಯಿಗೆ ಯಾವುದು ತನ್ನ ಮನೆ ಅಂತ ಹೇಗೆ ಗೊತ್ತಾಗುತ್ತೆ?" ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಿದೆ: ಏನೂ ವಿಶೇಷ ಇಲ್ಲದ ದಿನ ಅದು ಎಲ್ಲಿ ಇರುತ್ತದೋ ಅದೇ ಅದರ ಮನೆ. ಹೇಳಿ ಬಾಗಿಲು ಹಾಕಿಕೊಂಡೆ. ನನ್ನಲ್ಲಿ ಗೋಧಿ ಕಳೆದದ್ದೆಲ್ಲ ವಿಶೇಷದ ದಿನಗಳೇ. ಸುಮ್ಮನೆ ಮಲಗಿ ಬಾಲ ಅಲ್ಲಾಡಿಸಿದ ದಿನಗಳೆಲ್ಲ ನಿನ್ನ ಕೌಂಟರಿನ ಕೆಳಗೆ.

ಪುಟ್ಟಿಯೂ ಆ ಲ್ಯಾಬಿಗೇ ಸೇರಲಿ. ನಿನ್ನೆಯೇ ಅವಳಿಗೆ ಫೋನು ಮಾಡಿ ಹೂಂ ಎಂದೆ. ಅವಳು ತಾನಾಗಿಯೇ "ವಾರವಾರ ಬರ್ತೀನಿ ಅಮ್ಮ" ಎಂದಳು. ಬರುವುದಿಲ್ಲ, ನಮಗಿಬ್ಬರಿಗೂ ಗೊತ್ತು. ತಿಂಗಳಿಗೊಮ್ಮೆ ಬಂದರೆ ಸಾಕು. ಮುಂದೆ ಅವಳಿಗೆ ಜ್ವರ ಬಂದರೆ ಅವಳು ಬೇಡವೆಂದರೂ ನನಗೆ ತಿಳಿಸು. ಬಂದು ಕೂರುವುದಕ್ಕಲ್ಲ, ಗೊತ್ತಿರುವುದಕ್ಕೆ.

ಬನ್ನು ಚೆನ್ನಾಗಿದ್ದಾನೆ. ಭಾವ ಹಿತ್ತಲ ಬಾಗಿಲಿಗೆ ಇಳಿಜಾರು ಹಲಗೆ ಮಾಡಿ, ಜಾರದಂತೆ ಅದಕ್ಕೆ ಹಳೆಯ ಚಾಪೆ ಬಡಿದುಕೊಟ್ಟಿದ್ದಾರೆ. ಸಂಜೆ ಪಕ್ಕದ ಬಡಾವಣೆಯ ಕೊಳದಲ್ಲಿ ಈಜಿಸುತ್ತೇನೆ, ಕೀಲಿಗೆ ಭಾರ ಬೀಳದೆ ಸ್ನಾಯು ಗಟ್ಟಿಯಾಗುತ್ತದಂತೆ. ನೀರಿನಲ್ಲಿ ಅವನು ಕುಂಟುವುದಿಲ್ಲ. ಬೇಕರಿಯವರು ಭಾನುವಾರ ಬಂದು ದಡದಲ್ಲಿ ನಿಂತಿದ್ದರು. ಬನ್ನು ಈಜುವುದನ್ನು ಬಿಟ್ಟು ಅವರ ಕಡೆ ಬಂದ, ಅವರ ಪ್ಯಾಂಟನ್ನೆಲ್ಲ ಒದ್ದೆ ಮಾಡಿದ. ನನಗೆ ಅಲ್ಲೂ ಹೊಟ್ಟೆ ಉರಿಯಿತು. ಬಂದು ಎರಡು ತಿಂಗಳೂ ಆಗದ ನಾಯಿಯ ಮೇಲೆ. ನನ್ನ ಈ ಗುಣ ಹೋಗುವಂಥದ್ದಲ್ಲವೆಂದು ಕಾಣುತ್ತದೆ. ಮುಂದಿನ ಭಾನುವಾರವೂ ಬನ್ನಿ ಎಂದು ಅವರಿಗೆ ಹೇಳಿದ್ದೇನೆ.

ನಿನ್ನೆ ಆಸ್ಪತ್ರೆಗೆ ಹೋಗಿ ಗೋಧಿಯ ಕಾರ್ಡಿನಲ್ಲಿ ಹೆಸರು ಬದಲಾಯಿಸಿ ಬಂದೆ. "ಮಾಲೀಕರು" ಎಂಬಲ್ಲಿ ನನ್ನ ಹೆಸರು ಹೊಡೆದು ಹಾಕಿ ನಿನ್ನ ಹೆಸರು ಬರೆದರು. ಕೌಂಟರಿನಲ್ಲಿದ್ದ ಹೆಂಗಸು ವಿಳಾಸ ಬರೆದುಕೊಳ್ಳುತ್ತ, "ಇವರು ನಿಮಗೇನಾಗಬೇಕು?" ಎಂದಳು.

"ತಂಗಿ" ಎಂದೆ.

"ಓ, ತಂಗೀನಾ. ಹಾಗಾದ್ರೆ ನಿಮ್ಮ ಹತ್ರಾನೇ ಇದ್ದ ಹಾಗಾಯ್ತಲ್ಲ ಬಿಡಿ" ಎಂದಳು.

ಆಕೆಗೆ ತಂಗಿ ಇಲ್ಲವೆಂದು ಕಾಣುತ್ತದೆ.

ಇಂತಿ,
ನಿನ್ನ ಅಕ್ಕ